ಟೀಗೆ ಗಾಡಿ ನಿಲ್ಲಿಸಿದಾಗ ಮೊದ್ಲು ನಾಲ್ಕೂ ಚಕ್ರ ಮುಟ್ಟಿ ನೋಡ್ರಿ

ನಮ್ಮ ಕಡೆ ಅಕ್ಟೋಬರ್ ಬಂತು ಅಂದ್ರೆ ಪಿಕಪ್‌ಗಳಿಗೆ ಪುರುಸೊತ್ತೇ ಇರಲ್ಲ. ಜಗಳೂರು, ಮಾಯಕೊಂಡ, ಆನಗೋಡು ಸುತ್ತಮುತ್ತ ಮೆಕ್ಕೆಜೋಳ ಒಕ್ಕಣೆ ಶುರುವಾಗಿ ದಾವಣಗೆರೆ ಎಪಿಎಂಸಿ ಕಡೆ ಗಾಡಿ ಹರಿಯೋಕೆ ನಿಂತ್ರೆ ಊಟಕ್ಕೂ ಟೈಮ್ ಸಿಗಲ್ಲ, ಅಂಥಾ ಟೈಮಲ್ಲಿ ಗಾಡಿ ಒಂದಿನ ಮಲಗಿದ್ರೆ ಆ ದಿನದ ಬಾಡಿಗೆ ಮಾತ್ರ ಹೋಗಲ್ಲ, ಕಣದಲ್ಲಿ ಚೀಲ ಹೊಲಿದಿಟ್ಟು ಮೋಡ ನೋಡ್ತಾ ಕೂತಿರೋ ರೈತ ಬೇರೆಯವರಿಗೆ ಫೋನ್ ಮಾಡ್ತಾನೆ, ಮುಂದಿನ ವರ್ಷವೂ ಅವರಿಗೇ ಮಾಡ್ತಾನೆ. ಅದಕ್ಕೇ ಸೀಸನ್ ಶುರುವಾಗೋ ಮುಂಚೆ ಇದನ್ನ ಬರೀತಾ ಇದೀನಿ. ಹೊಸದಾಗಿ ಪಿಕಪ್ ತಗೊಂಡ ಹುಡುಗರು ಆಗಾಗ ಫೋನ್ ಮಾಡಿ ಕೇಳ್ತಾರೆ, ಅಣ್ಣಾ ಯಾವ ಆಯಿಲ್ ಹಾಕಿಸ್ಲಿ, ಯಾವ ಟೈರ್ ಚೆನ್ನಾಗಿರುತ್ತೆ, ಎಕ್ಸ್‌ಟ್ರಾ ಪಾಟಾ (ಗಾಡಿ ಭಾರ ಹೊರೋ ಸ್ಪ್ರಿಂಗ್ ಪಟ್ಟಿ) ಹಾಕಿಸ್ಲಾ ಬೇಡ್ವಾ ಅಂತ. ಎಲ್ಲದಕ್ಕೂ ಉತ್ತರ ಹೇಳ್ತೀನಿ, ಆದ್ರೆ ಅದಕ್ಕಿಂತ ಮುಂಚೆ ಒಂದು ವಿಷಯ ಹೇಳ್ಬೇಕು, ಅದಕ್ಕೆ ದುಡ್ಡು ಬೇಡ, ಟೂಲ್ಸೂ ಬೇಡ, ಕೈ ಸಾಕು.

ಮೂರು ವರ್ಷದ ಹಿಂದೆ ಆಗಸ್ಟಲ್ಲಿ, ಆನಗೋಡು ಹತ್ರದ ಒಂದು ಹಳ್ಳಿಯಿಂದ ಯಶವಂತಪುರಕ್ಕೆ ಈರುಳ್ಳಿ ಲೋಡು. ಸಾಯಂಕಾಲ ಲೋಡ್ ಆಯ್ತು, ಜಿಟಿಜಿಟಿ ಮಳೆ ಹಿಡಕೊಂಡಿತ್ತು, ಬೆಳಗಿನ ಜಾವ ಹೊರಡೋಣ ಅಂತ ಹ್ಯಾಂಡ್ ಬ್ರೇಕ್ ಎಳೆದು ಅಲ್ಲೇ ಮಲಗಿದೆ. ನಸುಕಲ್ಲಿ ಹೊರಟೆ. ಗಾಡಿ ಯಾಕೋ ಎಳೀತಿಲ್ಲ ಅನ್ನಿಸ್ತಿತ್ತು, ನಾಲ್ಕನೇ ಗೇರಲ್ಲಿ ಹೋಗ್ಬೇಕಾದ ಜಾಗದಲ್ಲಿ ಮೂರಕ್ಕೆ ಇಳಿಸ್ಬೇಕಾಗ್ತಿತ್ತು, ಲೋಡ್ ಐತಲ್ಲ ಅದಕ್ಕೇ ಇರ್ಬೇಕು ಅನ್ಕೊಂಡು ಹಂಗೇ ಒತ್ಕೊಂಡು ಬಂದೆ. ಭರಮಸಾಗರದ ಹತ್ರ ಹೈವೇ ಪಕ್ಕ ಟೀಗೆ ನಿಲ್ಲಿಸಿದ್ರೆ ಪಕ್ಕದಲ್ಲಿ ಒಂದು ಹತ್ತು ಗಾಲಿ ಲಾರಿ ನಿಂತಿತ್ತು, ಅದರ ಡ್ರೈವರ್ರು ನಮ್ಮಪ್ಪನ ವಯಸ್ಸಿನೋರು. ಅವ್ರು ತಮ್ಮ ಗಾಡಿ ಸುತ್ತ ಒಂದು ರೌಂಡ್ ಹೊಡೀತಾ ಒಂದೊಂದು ಚಕ್ರದ ಹತ್ರ ಬಗ್ಗಿ ಕೈ ಇಡ್ತಿದ್ರು. ನನ್ನ ಗಾಡಿ ಪಕ್ಕ ಬಂದಾಗ ನಿಂತ್ರು, ಮೂಗು ಏರಿಸಿದ್ರು, ಎಡಗಡೆ ಹಿಂದಿನ ಚಕ್ರದ ಹತ್ರ ಕೈ ತಂದು ಮುಟ್ಟೋಕೆ ಮುಂಚೇನೇ ಹಿಂದಕ್ಕೆ ಎಳಕೊಂಡ್ರು.

"ತಮ್ಮಾ, ಇದು ಕಾದು ಕೆಂಡ ಆಗೇತಲ್ಲೋ. ಎಲ್ಲಿಂದ ಬರಾಕತ್ತೀ?"

ನಾನು ಗಾಬರಿ ಬಿದ್ದು ಬಾಟ್ಲಿ ನೀರು ತಗೊಂಡು ಸುರಿಯೋಕೆ ಹೋದೆ. ಅವ್ರು ನನ್ನ ಕೈಯೇ ಹಿಡಿದ್ರು. "ನೀರು ಹಾಕಬ್ಯಾಡ, ಡ್ರಮ್ ಸೀಳ್ತತಿ. ಹಂಗೇ ಬಿಡು, ತಾನಾಗೇ ಆರ್ಲಿ. ಹ್ಯಾಂಡ್ ಬ್ರೇಕ್ ಹಾಕಬ್ಯಾಡ, ಕಲ್ಲು ಕೊಡು." ಎರಡು ತಾಸು ಕಾದ್ವಿ. ಮಿಸ್ತ್ರಿ ಬಂದು ಬಿಚ್ಚಿ ನೋಡಿದ್ರೆ ಹ್ಯಾಂಡ್ ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ವಾಪಸ್ ಹೋಗಿರಲಿಲ್ಲ, ಬ್ರೇಕ್ ಶೂ ಡ್ರಮ್ಮಿಗೆ ಅಂಟ್ಕೊಂಡೇ ಅಷ್ಟು ದೂರ ಬಂದಿದೆ, ಶೂ ಮೇಲಿನ ಲೈನರ್ ಕರ್ರಗೆ ಗಾಜಿನ ಥರ ಹೊಳೀತಿತ್ತು, ಆಯಿಲ್ ಸೀಲ್ ಬೆಂದು ಕ್ರೌನ್ ಎಣ್ಣೆ (ಹಿಂದಿನ ಆಕ್ಸಲ್ ಗೇರಿಗೆ ಹಾಕೋದು) ಲೈನರ್ ಮೇಲೆಲ್ಲಾ ಇಳಿದಿತ್ತು. ಎಣ್ಣೆ ಕುಡಿದ ಲೈನರ್ ಬ್ರೇಕ್ ಹಿಡಿಯಲ್ಲ. ನಾನು ಅದೇ ಗಾಡಿಲಿ ಹಿರಿಯೂರು ದಾಟಿ, ಶಿರಾ ದಾಟಿ, ತುಮಕೂರು ಟ್ರಾಫಿಕ್ಕಿಗೆ ಹೋಗೋನಿದ್ದೆ, ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಲಿ ಒಂಥರಾ ಆಗುತ್ತೆ.

ಅವತ್ತಿಂದ ಎಲ್ಲೇ ನಿಲ್ಲಿಸಿದ್ರೂ ಮೊದ್ಲು ನಾಲ್ಕೂ ಚಕ್ರ, ಆಮೇಲೆ ಟೀ. ಮಾಡೋ ವಿಧಾನ ಹೇಳ್ತೀನಿ. ಅಂಗೈ ಇಡಬೇಡ್ರಿ, ಹಿಂಗೈ ತಗೊಂಡು ಹೋಗಿ, ಮೊದ್ಲು ನಾಲ್ಕು ಬೆರಳು ದೂರದಲ್ಲಿ ಶಾಖ ಬಡೀತೈತಾ ನೋಡಿ, ಆಮೇಲೆ ಮಧ್ಯದಲ್ಲಿ ಹಬ್ ಹತ್ರ ಮುಟ್ಟಿ. ಎಷ್ಟು ಬಿಸಿ ಅನ್ನೋದಕ್ಕಿಂತ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಅನ್ನೋದು ಮುಖ್ಯ. ಮುಂದೆ ಡಿಸ್ಕ್ ಇರೋ ಗಾಡಿಲಿ ಮುಂದಿನ ಎರಡು ಹಿಂದಿನವಕ್ಕಿಂತ ಜಾಸ್ತಿ ಕಾಯೋದು ಸಹಜ, ಆದ್ರೆ ಮುಂದಿನ ಎರಡೂ ಒಂದೇ ಥರ ಕಾಯ್ಬೇಕು, ಹಿಂದಿನ ಎರಡೂ ಒಂದೇ ಥರ ಇರ್ಬೇಕು. ಒಂದೇ ಒಂದು ಬೇರೆ ಥರ ಸುಡ್ತಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ ಇಲ್ಲಾ ಬೇರಿಂಗ್ ಹೋಗ್ತಾ ಇದೆ. ಹಬ್ ತಣ್ಣಗಿದ್ದು ಟೈರ್ ಮಾತ್ರ ಕಾದಿದ್ರೆ ಗಾಳಿ ಕಮ್ಮಿ ಇದೆ. ಶಾಖ ನೋಡೋ ಗನ್ ಬೇಕಾದ್ರೆ ತಗೊಳ್ಳಿ, ಆದ್ರೆ ಕೊರೋನಾ ಟೈಮಲ್ಲಿ ಹಣೆಗೆ ಹಿಡೀತಿದ್ದಂಥದು ಇದಕ್ಕೆ ಬರಲ್ಲ, ಮಷೀನ್‌ಗಳಿಗೆ ಹಿಡಿಯೋದೇ ಬೇರೆ ಸಿಗುತ್ತೆ. ನಾನಂತೂ ಕೈಯಲ್ಲೇ ನೋಡೋದು.

ಮಳೆಗಾಲದಲ್ಲಿ ರಾತ್ರಿ ನಿಲ್ಲಿಸುವಾಗ ಸಮ ನೆಲ ಇದ್ರೆ ಗೇರಲ್ಲಿ ಹಾಕಿ, ಚಕ್ರಕ್ಕೆ ಕಟ್ಟಿಗೆ ತುಂಡು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಮಲಗ್ರಿ. ಇಳಿಜಾರಿದ್ರೆ ಬೇಡ, ಅಲ್ಲಿ ಹ್ಯಾಂಡ್ ಬ್ರೇಕೂ ಬೇಕು ಕಟ್ಟಿಗೇನೂ ಬೇಕು. ಆ ಕೇಬಲ್ಲನ್ನ ವರ್ಷಕ್ಕೊಮ್ಮೆ ಬಿಚ್ಚಿಸಿ ಎಣ್ಣೆ ಕೊಡಿಸಿ, ಒಳಗಿನ ತಂತಿ ಸಲೀಸಾಗಿ ಓಡಾಡ್ತಿಲ್ಲ ಅಂದ್ರೆ ಹೊಸದೇ ಹಾಕ್ಸಿ, ಅದಕ್ಕಾಗೋ ಖರ್ಚು ಆಮೇಲಿನ ಖರ್ಚಿನ ಮುಂದೆ ಏನೂ ಅಲ್ಲ. ಬ್ರೇಕ್ ಆಯಿಲ್ ಕೂಡ ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, ತೇವ ಕುಡಿದ ಆಯಿಲ್ ಕಾದಾಗ ಒಳಗೇ ಕುದ್ದು ಗುಳ್ಳೆ ಬಂದು ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತೆ. ಕಪ್ ತುಂಬಾ ಐತಲ್ಲ ಅಂತ ಬಿಡಬೇಡ್ರಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕ್ಸಿ.

ಈಗ ಪಾಟಾ ವಿಷಯ, ಎಲ್ರೂ ಕೇಳೋದು ಇದೇ. ಗಾಡಿ ತಗೊಂಡ ವಾರಕ್ಕೇ ಎಕ್ಸ್‌ಟ್ರಾ ಪಾಟಾ ಹಾಕ್ಸಿ ಲೋಡ್ ಜಾಸ್ತಿ ಹೊಡೀಬಹುದು ಅನ್ನೋರು ನಮ್ಮಲ್ಲಿ ಬಹಳ ಜನ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೇಡ. ಪಾಟಾ ಸೇರಿಸಿದ್ರೆ ಗಾಡಿ ಹಿಂದೆ ಕೂರೋದು ನಿಲ್ಲುತ್ತೆ ಅಷ್ಟೇ, ಅದರಿಂದ ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವಿನ ಆಕ್ಸಲ್ ಕವಚ) ಗಟ್ಟಿ ಆಗಲ್ಲ, ಬೇರಿಂಗ್ ದೊಡ್ಡದಾಗಲ್ಲ, ಬ್ರೇಕ್ ಶೂ ಅಗಲ ಆಗಲ್ಲ, ಟೈರ್ ತಡೆಯೋ ತೂಕ ಹೆಚ್ಚಾಗಲ್ಲ. ಗಾಡಿ ಕೂತ್ರೆ ಕಣ್ಣಿಗಾದ್ರೂ ಕಾಣ್ತಿತ್ತು ಓವರ್ ಲೋಡ್ ಆಗಿದೆ ಅಂತ, ಪಾಟಾ ಹಾಕಿದ ಮೇಲೆ ಅದೂ ಕಾಣಲ್ಲ. ಖಾಲಿ ಓಡುವಾಗ ಹಿಂಭಾಗ ಕುಪ್ಪಳಿಸ್ತಾ ಹೋಗುತ್ತೆ, ಮಳೇಲಿ ಜೋರಾಗಿ ಬ್ರೇಕ್ ಹಿಡಿದ್ರೆ ಬಾಲ ಅಡ್ಡ ಬರುತ್ತೆ.

ಲೆಕ್ಕ ಹಾಕಿ ನೋಡ್ರಿ. 1.7 ಟನ್ ಪಾಸಿಂಗ್, ಅಂದ್ರೆ ಅಷ್ಟು ಲೋಡಿಗೆ ಅನುಮತಿ ಇರೋ ಗಾಡಿಗೆ 50 ಕೆಜಿ ಚೀಲ 34, 60 ಕೆಜಿ ಚೀಲ ಆದ್ರೆ 28. ಅಷ್ಟೇ. ಚೀಲದ ಲೆಕ್ಕ ನಂಬೋದೂ ಕಷ್ಟ, ಒಕ್ಕಣೆ ಆದ ದಿನವೇ ತುಂಬಿದ ಹಸಿ ಮೆಕ್ಕೆಜೋಳದ ಚೀಲ ಒಣಗಿದ್ದಕ್ಕಿಂತ ಭಾರ ಇರುತ್ತೆ, ಹಮಾಲರು ಎತ್ತುವಾಗ ಏನಣ್ಣಾ ಇಷ್ಟು ಭಾರ ಅಂದ್ರೆ ಕಿವಿಗೊಡಿ, ಅವರ ಬೆನ್ನಿಗೆ ತೂಕ ಗೊತ್ತು. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆ 194ನೇ ಸೆಕ್ಷನ್ ಪ್ರಕಾರ ಓವರ್ ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಮಾಲು ಇಳಿಸೋದೂ ನಮ್ಮ ತಲೆ ಮೇಲೇ. ನಾಲ್ಕು ಚೀಲದ ಬಾಡಿಗೆಗೆ ಇದೆಲ್ಲಾ ಬೇಕಾ?

ಲೋಡ್ ಕೂರಿಸೋದ್ರಲ್ಲೂ ಒಂದು ಮಾತು. ಭಾರ ಇರೋದು ಮೊದ್ಲು ಕ್ಯಾಬಿನ್ ಬೆನ್ನಿಗೆ ಒತ್ತಿ ಬರ್ಬೇಕು. ಹಿಂದಿನ ಡೋರಿನ ಹತ್ರ ಭಾರ ಬಿದ್ರೆ ಹಿಂದಿನ ಹೌಸಿಂಗು ತಕ್ಕಡಿ ಮುಳ್ಳಿನ ಥರ ಆಗಿ ಮುಂಭಾಗ ಮೇಲೇಳುತ್ತೆ, ಸ್ಟೇರಿಂಗ್ ಹಗುರಾಗಿ ಗಾಡಿ ತೇಲಿದಂಗೆ ಅನ್ಸುತ್ತೆ, ಮುಂದಿನ ಬ್ರೇಕಿಗೂ ಹಿಡಿತ ಇರಲ್ಲ. ಲೋಡ್ ಬಿದ್ದಾಗ ಹೆಡ್‌ಲೈಟೂ ಮೇಲಕ್ಕೆ ನೋಡುತ್ತೆ, ಎದುರಿನೋರ ಕಣ್ಣಿಗೆ ಹೊಡಿಯುತ್ತೆ ನಮಗೆ ರೋಡ್ ಕಾಣಲ್ಲ, ಡ್ಯಾಶ್‌ಬೋರ್ಡಲ್ಲಿ 0, 1, 2, 3 ಅಂತ ಒಂದು ಸಣ್ಣ ತಿರುಗಣೆ ಇದ್ರೆ ಅದಕ್ಕೇ ಇರೋದು, ಲೋಡ್ ಇದ್ದಾಗ ನಂಬರ್ ಏರಿಸಿ. ಎಷ್ಟೋ ಜನ ಅದನ್ನ ಒಮ್ಮೆಯೂ ಮುಟ್ಟಿರಲ್ಲ.

ಪಾಟಾದಲ್ಲಿ ನೋಡ್ಬೇಕಾದ್ದು ಬೇರೆ ಐತೆ. ಪಾಟಾಗಳನ್ನ ಸೇರಿಸಿ ಹಿಡಿದಿರೋ ಸೆಂಟರ್ ಬೋಲ್ಟು, ಅದನ್ನ ಹೌಸಿಂಗಿಗೆ ಬಿಗಿದಿರೋ ಯೂ ಬೋಲ್ಟು. ಯೂ ಬೋಲ್ಟ್ ಸಡಿಲ ಆದ್ರೆ ಎಲ್ಲಾ ಏಟೂ ಆ ಸಣ್ಣ ಸೆಂಟರ್ ಬೋಲ್ಟಿಗೆ ಬೀಳುತ್ತೆ, ಅದು ಕಟ್ಟಾದ್ರೆ ಹೌಸಿಂಗ್ ಒಂದು ಕಡೆ ಹಿಂದಕ್ಕೆ ಸರಿಯುತ್ತೆ, ಆಗ ಗಾಡಿ ಏಡಿ ನಡೆದಂಗೆ ಅಡ್ಡಡ್ಡ ಹೋಗುತ್ತೆ. ಒಳಗೆ ಕೂತೋರಿಗೆ ಗೊತ್ತಾಗಲ್ಲ, ಹಿಂದೆ ಬರೋರಿಗೆ ಕಾಣುತ್ತೆ. ಪಾಟಾ ಕೆಲಸ ಮಾಡಿಸಿದ್ಮೇಲೆ ಒಂದೆರಡು ಲೋಡ್ ಹೊಡೆದು ವಾಪಸ್ ಹೋಗಿ ಯೂ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸ್ಲೇಬೇಕು, ಹೊಸ ಪಾಟಾ ಕೂತ್ಕೊಂಡ ಮೇಲೆ ಅದು ಸಡಿಲ ಆಗೇ ಆಗುತ್ತೆ. ಮಿಸ್ತ್ರಿ ಹೇಳ್ಲಿ ಬಿಡ್ಲಿ, ನೀವೇ ಹೋಗಿ.

ಗ್ರೀಸ್ ಹೊಡಿಸೋವಾಗ ಪಕ್ಕದಲ್ಲಿ ನಿಂತು ನೋಡ್ರಿ, ನನ್ನ ಕೇಳಿದ್ರೆ ಗಾಡಿ ಕೆಳಗೇ ಮಲಗಿ ನೋಡ್ರಿ. ಗ್ರೀಸ್ ಒಳಗೆ ಹೋಗೋ ನಿಪ್ಪಲ್ ಮೇಲೆ ಮಣ್ಣು ಮೆತ್ತಿರುತ್ತೆ, ಅದನ್ನ ಒರೆಸ್ದೆ ಗನ್ ಇಟ್ರೆ ಮಣ್ಣು ಸಮೇತ ಒಳಗೆ ಹೋಗುತ್ತೆ. ಗ್ರೀಸ್ ಹೋಯ್ತು ಅನ್ನೋಕೆ ಗುರುತು ಒಂದೇ, ಹಳೇ ಕರೀ ಗ್ರೀಸ್ ಸಂದಿಯಿಂದ ಹುಳದ ಥರ ಈಚೆ ಬಂದು ಅದರ ಹಿಂದೆ ಹೊಸ ಬಣ್ಣದ್ದು ಇಣುಕ್ಬೇಕು. ಪಾಟಾ ತುದಿಯ ಶಾಕಲ್ ಪಿನ್, ಗೇರ್ ಬಾಕ್ಸಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟಿನ ಕೀಲು ಅಂದ್ರೆ ಕ್ರಾಸ್, ಇವೆರಡನ್ನ ಎಂದೂ ಬಿಡಬೇಡ್ರಿ. ಗೇರ್ ಹಾಕಿ ಹೊರಡುವಾಗ ಕೆಳಗಿಂದ ಟಕ್ ಅಂತ ಒಂದು ಸದ್ದು ಬಂದ್ರೆ ಮೊದಲ ಅನುಮಾನ ಆ ಕ್ರಾಸ್ ಮೇಲೇ. ಪ್ರೆಶರ್ ವಾಶ್ ಮಾಡಿಸಿದ ಮೇಲೆ ಗ್ರೀಸ್ ಹೊಡಿಸ್ಬೇಕು, ಮುಂಚೆ ಅಲ್ಲ, ನೀರಿನ ಹೊಡೆತಕ್ಕೆ ಇದ್ದದ್ದೂ ತೊಳೆದು ಹೋಗಿರುತ್ತೆ. ಬೇರಿಂಗಿಗೆ ಮಾತ್ರ ಉಲ್ಟಾ, ಹಬ್ ಪೂರ್ತಿ ತುಂಬಿಸಬಾರ್ದು, ಬೇರಿಂಗಿನ ಗುಂಡುಗಳ ಸಂದಿಗೆ ಕೈಯಲ್ಲಿ ಒತ್ತಿ ತುಂಬಿ ಹಬ್ಬಲ್ಲಿ ಜಾಗ ಬಿಡ್ಬೇಕು, ತುಂಬಿ ತುಳುಕಿದ್ರೆ ಅದೇ ಶಾಖಕ್ಕೆ ಕರಗಿ ಸೀಲ್ ಒಡ್ಕೊಂಡು ಬರುತ್ತೆ. ಬೇರಿಂಗ್ ಆಟ ನೋಡೋಕೆ ಚಕ್ರ ಜಾಕಿ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ, ಆಮೇಲೆ ಒಂದು ಕೈಲಿ ಚಕ್ರ ತಿರುಗಿಸ್ತಾ ಇನ್ನೊಂದು ಕೈ ಪಾಟಾ ಮೇಲಿಡಿ, ಬೇರಿಂಗ್ ಗರಗರ ಅಂತಿದ್ರೆ ಕಿವಿಗೆ ಕೇಳೋ ಮುಂಚೆ ಕೈಗೆ ಗೊತ್ತಾಗುತ್ತೆ.

ಟೈರ್ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡ್ಬೇಕು. ಮುಂದಕ್ಕೆ ಎಷ್ಟು ಹಿಂದಕ್ಕೆ ಎಷ್ಟು, ಖಾಲಿಗೆ ಎಷ್ಟು ಲೋಡಿಗೆ ಎಷ್ಟು ಅಂತ ಗಾಡಿ ಪುಸ್ತಕದಲ್ಲಿ ಇರುತ್ತೆ, ಬಹಳ ಗಾಡಿಗಳಲ್ಲಿ ಡೋರ್ ಹತ್ರ ಸ್ಟಿಕ್ಕರೂ ಇರುತ್ತೆ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದಿಂದ ಚಳ್ಳಕೆರೆ ಕಡೆ ಹೋಗಿ ನಿಲ್ಲಿಸಿ ನೋಡಿದ್ರೆ ಗಾಳಿ ಏರಿರುತ್ತೆ, ಅದು ಶಾಖಕ್ಕೆ ಏರಿದ್ದು, ಅದನ್ನ ನೋಡಿ ಗಾಳಿ ಬಿಡೋದು ದೊಡ್ಡ ತಪ್ಪು. ಬಿಟ್ರೆ ಟೈರ್ ಇನ್ನೂ ಮಡಚ್ಕೊಂಡು ಇನ್ನೂ ಕಾಯುತ್ತೆ, ಸಿಡಿಯೋದು ಹಂಗೇ. ನಮ್ಮ ಪಿಕಪ್‌ಗಳಿಗೆ ಹಿಂದೆ ಒಂದೊಂದೇ ಟೈರು, ಲಾರಿ ಥರ ಜೋಡಿ ಇಲ್ಲ, ಒಂದು ಹೋದ್ರೆ ಹಿಡಿಯೋಕೆ ಇನ್ನೊಂದಿಲ್ಲ. ಸೆಕೆಂಡ್ ಹ್ಯಾಂಡ್ ಟೈರ್ ತಗೊಳ್ಳೋರು ಪಕ್ಕದಲ್ಲಿರೋ ನಾಲ್ಕು ಅಂಕಿ ಓದೋದು ಕಲೀರಿ, 3522 ಅಂತಿದ್ರೆ 2022ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಟೈರ್ ಮೇಲಿನ ಗೆರೆಗಳ ಆಳ ಚೆನ್ನಾಗಿದ್ರೂ ಹಳೇ ಟೈರ್ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ, ಬೆರಳಲ್ಲಿ ಬಗ್ಗಿಸಿ ನೋಡ್ರಿ.

ಚಕ್ರ ಬಿಚ್ಚಿ ಹಾಕಿದಾಗೆಲ್ಲಾ ನಟ್ ಒಂದರ ಪಕ್ಕ ಒಂದು ಬಿಗೀಬಾರ್ದು, ಎದುರೆದುರು ಬಿಗೀಬೇಕು, 50 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಒಮ್ಮೆ ನೋಡ್ಬೇಕು. ಒಂದು ಅಂಗಡಿಲಿ ಹುಡುಗ ಗಾಳಿ ಗನ್ನಲ್ಲಿ ಗರ್ ಅಂತ ಬಿಗಿದು ಕಳಿಸಿದ್ದ, ಆರು ತಿಂಗಳಾದ್ಮೇಲೆ ರಾತ್ರಿ ಪಂಚರ್ ಆಗಿ ಬಿಚ್ಚೋಕೆ ಹೋದ್ರೆ ಸ್ಟಡ್ಡೇ ತಿರುಚಿ ಕಟ್ಟಾಗಿ ಕೈಗೆ ಬಂತು. ಈಗ ನಾನು ಗನ್ ಆದ್ಮೇಲೆ ನಟ್ ಸಡಿಲಿಸಿ ಕೈ ಪಾನಾದಲ್ಲಿ ಬಿಗಿಸ್ತೀನಿ, ಬಿಗಿ ಆದ್ಮೇಲೆ ನಟ್ಟಿಗೂ ರಿಮ್ಮಿಗೂ ಸೇರಿಸಿ ಬಿಳಿ ಪೇಂಟಲ್ಲಿ ಒಂದು ಗೀಟು ಎಳೀತೀನಿ. ಗೀಟು ತಪ್ಪಿದ್ರೆ ನಟ್ ತಿರುಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತೆ.

ಇಂಜಿನ್ ಬಗ್ಗೆ ಜಾಸ್ತಿ ಬರೆಯಲ್ಲ, ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸೋರಿಗೆ ಇಂಜಿನ್ ಸಾಮಾನ್ಯವಾಗಿ ತೊಂದ್ರೆ ಕೊಡಲ್ಲ. ಆದ್ರೆ ಒಕ್ಕಣೆ ಕಣಕ್ಕೆ ಹೋಗಿ ಬರೋ ಗಾಡಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬರಲ್ಲ, ಮೆಕ್ಕೆಜೋಳದ ದೂಳು ಹಿಟ್ಟಿನ ಥರ ಕೂತಿರುತ್ತೆ, ವಾರಕ್ಕೊಮ್ಮೆ ತೆಗೀರಿ, ಗಾಳಿ ಹೊಡಿಯೋದಾದ್ರೆ ಒಳಗಿಂದ ಹೊರಕ್ಕೆ, ಮೆಲ್ಲಗೆ, ದೂರದಿಂದ. ಪೇಪರ್ ಹರಿದ್ರೆ ದೂಳು ಸೀದಾ ಟರ್ಬೋಗೆ. ಡೀಸೆಲ್ ಫಿಲ್ಟರ್ ಕೆಳಗಿರೋ ನಟ್ ಸಡಿಲಿಸಿ ನೀರು ಇಳಿಸೋದೂ ಮಳೆಗಾಲದಲ್ಲಿ ನೆನಪಿರ್ಲಿ.

ರೇಡಿಯೇಟರಿಗೆ ಬೋರ್ ನೀರು ಹಾಕ್ಬೇಡ್ರಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಲಿ ಬೋರ್ ನೀರು ಎಷ್ಟು ಗಡಸು ಅಂತ ಎಲ್ಲರಿಗೂ ಗೊತ್ತು, ನೀರು ಕಾಯಿಸೋ ಹಂಡೆ ಒಳಗೆ ಬಿಳೀ ಚಕ್ಕೆ ಕಟ್ಟುತ್ತಲ್ಲ, ಅದೇ ಚಕ್ಕೆ ರೇಡಿಯೇಟರಿನ ಸಣ್ಣ ಕೊಳವೆಲೂ ಕಟ್ಟುತ್ತೆ. ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ. ಇಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡ್ರಿ.

ಬಿಎಸ್ 6 ಗಾಡಿ, ಅಂದ್ರೆ 2020ರ ಏಪ್ರಿಲ್ ಆದ್ಮೇಲಿನವು ಇದ್ದೋರು, ಆಯಿಲ್ ಡಬ್ಬಿ ಮೇಲಿನ ಗ್ರೇಡ್ ಓದಿ ತಗೊಳ್ಳಿ, ಹಳೇ ಗಾಡಿಗೆ ಹಾಕ್ತಿದ್ದದ್ದನ್ನೇ ಇದಕ್ಕೆ ಹಾಕಿದ್ರೆ ಸೈಲೆನ್ಸರಲ್ಲಿರೋ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಬೂದಿ ಕಟ್ಕೊಳ್ಳುತ್ತೆ. ಊರೊಳಗೇ ಸುತ್ತೋ ಗಾಡಿಲಿ ಡಿಪಿಎಫ್ ಲೈಟ್ ಬರೋದು ಜಾಸ್ತಿ, ಬಂದಾಗ ಸುಮ್ನಿರಬೇಡ್ರಿ, ಹೈವೇಗೆ ತಗೊಂಡು ಹೋಗಿ ಇಪ್ಪತ್ತು ನಿಮಿಷ ನಿಲ್ಲಿಸ್ದೆ ಒಂದೇ ವೇಗದಲ್ಲಿ ಓಡಿಸಿ, ಆಗಲೂ ಹೋಗ್ಲಿಲ್ಲ ಅಂದ್ರೆ ಸರ್ವೀಸಿಗೆ. ಡಿಇಎಫ್ (ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ದ್ರವ) ಹಾಕೋ ಗಾಡಿ ಇದ್ದೋರಿಗೆ ಮತ್ತೊಂದು ಮಾತು. ಅದರಲ್ಲಿರೋದು 32.5 ಪರ್ಸೆಂಟ್ ಯೂರಿಯಾ ಅನ್ನೋದು ನಿಜ, ಹಂಗಂತ ಮನೇಲಿ ಹೊಲಕ್ಕೆ ತಂದ ಯೂರಿಯಾ ಚೀಲ ಐತಲ್ಲ ಅಂತ ನೀರಲ್ಲಿ ಕದಡಿ ಹಾಕೋ ಯೋಚನೆ ಮಾಡಬೇಡ್ರಿ. ಗೊಬ್ಬರದ ಯೂರಿಯಾ ಅಷ್ಟು ಶುದ್ಧ ಇರಲ್ಲ, ನಾಜಲ್ಲಿಂದ ಹಿಡಿದು ಕ್ಯಾಟಲಿಸ್ಟ್ ತನಕ ಕಟ್ಟಿ ಹಾಳು ಮಾಡುತ್ತೆ. ಡೀಸೆಲ್ ಟ್ಯಾಂಕಿಗೆ ತಪ್ಪಿ ಡಿಇಎಫ್ ಬಿದ್ರೆ ಕೀ ಕೂಡ ತಿರುಗಿಸ್ದೆ ಟ್ಯಾಂಕ್ ಖಾಲಿ ಮಾಡಿಸ್ಬೇಕು.

ಗಾಡೀಲಿ ಏನೇನಿರ್ಬೇಕು ಅಂತ ಕೇಳೋರಿಗೆ. ಹೈಡ್ರಾಲಿಕ್ ಜಾಕಿ ಎಲ್ರ ಹತ್ರ ಇರುತ್ತೆ, ಅದರ ಕೆಳಗೆ ಇಡೋ ಹಲಗೆ ಯಾರ ಹತ್ರವೂ ಇರಲ್ಲ. ಎರೆ ಹೊಲದ ದಾರೀಲಿ ಪಂಚರ್ ಆದ್ರೆ ಜಾಕಿ ಗಾಡಿ ಎತ್ತಲ್ಲ, ತಾನೇ ಮಣ್ಣೊಳಗೆ ಇಳಿಯುತ್ತೆ. ಒಂದಡಿ ಅಗಲದ, ಎರಡಿಂಚು ದಪ್ಪದ ಹಲಗೆ ಒಂದು ಸೀಟಿನ ಹಿಂದೆ ಇಟ್ಕೊಳ್ಳಿ. ಚಕ್ರಕ್ಕೆ ಕೊಡೋ ಕಟ್ಟಿಗೆ ಎರಡು, ಪಾನಾಗೆ ಸೇರಿಸೋ ಎರಡಡಿ ಪೈಪು ಬಿಚ್ಚೋಕೆ ಮಾತ್ರ, ಸ್ವಂತದ್ದೊಂದು ಗಾಳಿ ಗೇಜು, ಫ್ಯೂಸು, ಬಲ್ಬು, ಫ್ಯಾನ್ ಬೆಲ್ಟು, ತಲೆಗೆ ಕಟ್ಟೋ ಟಾರ್ಚು. ಮೊಬೈಲ್ ಬಾಯಲ್ಲಿ ಕಚ್ಕೊಂಡು ಕೆಲಸ ಮಾಡೋಕಾಗಲ್ಲ. ಹೈವೇಲಿ ನಿಲ್ಲಿಸಿದ್ರೆ ಕೆಂಪು ತ್ರಿಕೋನ 50 ಮೀಟರ್ ಹಿಂದೆ ಇಡಿ, ಕಲ್ಲು ಇಟ್ಟು ಗಾಡಿ ರಿಪೇರಿ ಆದ್ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗೋರಿದಾರೆ, ರಾತ್ರಿ ಬೈಕಲ್ಲಿ ಬರೋರ ಜೀವದ ಪ್ರಶ್ನೆ ಅದು, ದಯವಿಟ್ಟು ಹಂಗೆ ಮಾಡಬೇಡ್ರಿ.

ತಾಡಪಾಲು ಒಳ್ಳೇದು ತಗೊಳ್ಳಿ. ಜೂನ್ ಜುಲೈಲಿ ಚಿತ್ರದುರ್ಗದ ಸುತ್ತ ಗಾಳಿ ಹೆಂಗಿರುತ್ತೆ ಅಂತ ಗುಡ್ಡದ ಮೇಲಿನ ಕರೆಂಟ್ ತಯಾರಿಸೋ ಗಾಳಿ ಫ್ಯಾನ್‌ಗಳೇ ಹೇಳ್ತವೆ, ಸಡಿಲ ಕಟ್ಟಿದ ತಾಡಪಾಲು ಅಲ್ಲಿ ಅರ್ಧ ಗಂಟೆಲಿ ಹರಿದು ಪಟಪಟ ಬಡೀತಿರುತ್ತೆ. ಎರಡು ಹಾಳೆ ಹೊದಿಸೋದಾದ್ರೆ ಹಿಂದಿನದು ಮೊದ್ಲು ಹಾಸಿ, ಅದರ ಮೇಲೆ ಮುಂದಿನದು ಬರ್ಬೇಕು, ಹೆಂಚು ಹೊದಿಸಿದಂಗೆ, ಆಗ ಎದುರು ಗಾಳಿ ಸಂದಿಗೆ ನುಗ್ಗಲ್ಲ. ಹಗ್ಗ ಬಾಡಿ ಅಂಚಿಗೆ ತಿಕ್ಕೋ ಕಡೆ ಹಳೇ ಟ್ಯೂಬಿನ ತುಂಡು ಕೊಡಿ. ಹೊರಟು ಹತ್ತು ಕಿಲೋಮೀಟರಿಗೆ ಚೀಲ ಕುಳಿತು ಹಗ್ಗ ಸಡಿಲ ಆಗಿರುತ್ತೆ, ಅಲ್ಲೊಮ್ಮೆ ನಿಲ್ಲಿಸಿ ಎಳೀರಿ, ನಿಲ್ಲಿಸಿದ್ಮೇಲೆ ಹೆಂಗೂ ಚಕ್ರ ಮುಟ್ಟಿ ನೋಡ್ತೀರಲ್ಲ.

ನನ್ನ ಗಾಡಿಗೆ ಈ ವರ್ಷ ಎಂಟು ತುಂಬುತ್ತೆ, ಇನ್ಮೇಲೆ ಎಫ್‌ಸಿ (ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಪ್ರತಿ ವರ್ಷ. ನಾಡಿದ್ದು ಆನಗೋಡಿಂದ ಮೊದಲ ಮೆಕ್ಕೆಜೋಳದ ಲೋಡು ಐತೆ, ಅಷ್ಟರೊಳಗೆ ಎಡಗಡೆ ಹಿಂದಿನ ಡ್ರಮ್ ಒಮ್ಮೆ ಬಿಚ್ಚಿಸ್ಬೇಕು. ಹೋದ ವಾರ ಹಿಂಗೈ ಇಟ್ಟಾಗ ಬಲಗಡೆದಕ್ಕಿಂತ ಒಂಚೂರು ಬೆಚ್ಚಗಿತ್ತು.